ಓಡುವ ಮೊದಲು ನಾಡಿ ಹಿಡಿದು ನೋಡಿ

ಬೆಳಗ್ಗೆ ಐದೂವರೆಗೆ ಬಡಾವಣೆಯ ಪಾರ್ಕಿಗೆ ಹೋದರೆ ಈಗ ನಡೆಯುವವರ ಜೊತೆಗೆ ಓಡುವವರೂ ಕಾಣಸಿಗುತ್ತಾರೆ. ಬೆಂಗಳೂರಿನಲ್ಲಿ 2008ರಲ್ಲಿ 10 ಕಿಲೋಮೀಟರ್ ಓಟ ಆರಂಭವಾದ ಮೇಲೆ ಇಂಥ ಸ್ಪರ್ಧೆಗಳು ಊರೂರಿಗೂ ಬಂದಿವೆ. ಶಾಲೆಯ ಮಕ್ಕಳು, ಗೃಹಿಣಿಯರು, ನಿವೃತ್ತರು ಎಲ್ಲರೂ ಹೆಸರು ಕೊಡುತ್ತಿದ್ದಾರೆ. ಇದು ಸಂತೋಷದ ವಿಷಯವೇ.

ಆದರೆ ಇದರ ಜೊತೆಗೇ ಇನ್ನೊಂದು ದೃಶ್ಯವೂ ಸಾಮಾನ್ಯವಾಗಿದೆ. ಕಚೇರಿಯ ಗೆಳೆಯರೆಲ್ಲ ಹೆಸರು ಕೊಟ್ಟರೆಂದು ನಲವತ್ತು ದಾಟಿದ ಒಬ್ಬರು ತಾವೂ ಹೆಸರು ಕೊಡುತ್ತಾರೆ. ಓಟಕ್ಕೆ ಉಳಿದಿರುವುದು ಮೂರೇ ವಾರ. ಹೊಸ ಬೂಟು ಬರುತ್ತದೆ. ಕಾಲೇಜಿನ ದಿನಗಳನ್ನು ನೆನೆದು ಮೊದಲ ದಿನವೇ ಒಂದೇ ಉಸಿರಿನಲ್ಲಿ ಓಡುತ್ತಾರೆ. ಎರಡನೆಯ ದಿನ ಮಂಡಿ ನೋವು, ಮೂರನೆಯ ದಿನ ಮೆಟ್ಟಿಲು ಇಳಿಯಲೂ ಕಷ್ಟ. ಕೆಲವರು ಅಲ್ಲಿಗೇ ಕೈಬಿಡುತ್ತಾರೆ. ಮರ್ಯಾದೆಯ ಪ್ರಶ್ನೆ ಎಂದು ಹಟ ಹಿಡಿದು ಮುಂದುವರಿಯುವವರೂ ಇದ್ದಾರೆ. ಅವರಲ್ಲಿ ಬಹುಪಾಲು ಮಂದಿ ಹೇಗೋ ಓಟ ಮುಗಿಸುತ್ತಾರೆ. ಎಲ್ಲೋ ಒಬ್ಬರು ನಡುದಾರಿಯಲ್ಲಿ ಎದೆ ಹಿಡಿದುಕೊಂಡು ಕುಸಿಯುತ್ತಾರೆ.

ಇವರೆಲ್ಲರೂ ಮಾಡಿದ ತಪ್ಪು ಒಂದೇ. ತಮ್ಮ ದೇಹದ ಇಂದಿನ ಶಕ್ತಿ ಎಷ್ಟು ಎಂಬುದನ್ನು ಅಳೆಯದೆ ಹೊರಟದ್ದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಓಟಕ್ಕೂ ಸಲ್ಲುತ್ತದೆ. ಆದರೆ ಹಾಸಿಗೆ ಎಷ್ಟು ಉದ್ದವಿದೆ ಎಂದು ಮೊದಲು ತಿಳಿಯಬೇಕಲ್ಲವೆ? ಅದನ್ನು ಅಳೆಯುವ ಬಗೆಯನ್ನು ಈ ವಾರ ನೋಡೋಣ. ಇದಕ್ಕೆ ಬೇಕಾಗುವ ಮುಖ್ಯ ಸಾಮಗ್ರಿ ಸೆಕೆಂಡಿನ ಮುಳ್ಳಿರುವ ಒಂದು ಗಡಿಯಾರ ಮತ್ತು ನಿಮ್ಮ ಎರಡು ಬೆರಳು.

ಓಡುವಾಗ ಒಳಗೆ ನಡೆಯುವುದೇನು?

ನಾವು ಸುಮ್ಮನೆ ಕುಳಿತಿರುವಾಗ ಹೃದಯ ನಿಮಿಷಕ್ಕೆ ಸುಮಾರು 72 ಬಾರಿ ಬಡಿದು, ಪ್ರತಿ ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ಹೊರದೂಡುತ್ತದೆ. ಅಂದರೆ ನಿಮಿಷಕ್ಕೆ 5 ಲೀಟರ್. ಓಡತೊಡಗಿದೊಡನೆ ಕಾಲಿನ ಸ್ನಾಯುಗಳು ಹೆಚ್ಚು ಆಮ್ಲಜನಕ ಕೇಳುತ್ತವೆ. ಹೃದಯದ ಬಡಿತವೂ ಒಂದೊಂದು ಬಡಿತಕ್ಕೆ ಹೊರಬೀಳುವ ರಕ್ತದ ಪ್ರಮಾಣವೂ ಏರುತ್ತವೆ. ಸಾಮಾನ್ಯ ಆರೋಗ್ಯವಂತನ ಹೃದಯ ಪೂರ್ಣ ಶ್ರಮದಲ್ಲಿ ನಿಮಿಷಕ್ಕೆ 20 ಲೀಟರಿನಷ್ಟು ರಕ್ತವನ್ನು ದೂಡಬಲ್ಲದು. ವರ್ಷಗಟ್ಟಲೆ ಪಳಗಿದ ದೂರದ ಓಟಗಾರನ ಹೃದಯ 30 ಲೀಟರನ್ನೂ ದಾಟಬಲ್ಲದು.

ಗಮನಿಸಬೇಕಾದ ಸಂಗತಿಯೆಂದರೆ, ಪಳಗಿದ ಓಟಗಾರನ ಹೃದಯ ನಮ್ಮದಕ್ಕಿಂತ ವೇಗವಾಗಿ ಬಡಿಯುವುದಿಲ್ಲ. ಒಂದೊಂದು ಬಡಿತದಲ್ಲಿ ಹೆಚ್ಚು ರಕ್ತ ಕಳಿಸುತ್ತದೆ. ಸಣ್ಣ ಚೊಂಬಿನಿಂದ ಹತ್ತು ಸಲ ಎರೆಯುವ ನೀರನ್ನು ದೊಡ್ಡ ಬಕೆಟಿನಿಂದ ಎರಡೇ ಸಲಕ್ಕೆ ಎರೆದಂತೆ. ಆದ್ದರಿಂದಲೇ ವಿಶ್ರಾಂತಿಯಲ್ಲಿ ಅವನ ನಾಡಿ 50ಕ್ಕೂ ಇಳಿದಿರುತ್ತದೆ.

ಶ್ವಾಸಕೋಶ ಗಾಳಿಯಿಂದ ಆಮ್ಲಜನಕ ಪಡೆಯುತ್ತದೆ, ಕೆಂಪು ರಕ್ತಕಣ ಅದನ್ನು ಹೊರುತ್ತದೆ, ಹೃದಯ ದೂಡುತ್ತದೆ, ಸ್ನಾಯು ಬಳಸುತ್ತದೆ. ಈ ನಾಲ್ಕೂ ಸೇರಿ ಒಂದು ನಿಮಿಷದಲ್ಲಿ ಗರಿಷ್ಠ ಎಷ್ಟು ಆಮ್ಲಜನಕವನ್ನು ಬಳಸಬಲ್ಲವು ಎಂಬುದೇ ದೇಹದ ಓಟದ ಸಾಮರ್ಥ್ಯದ ಮುಖ್ಯ ಅಳತೆ. ಇದನ್ನು ‘ಗರಿಷ್ಠ ಆಮ್ಲಜನಕ ಬಳಕೆ’ ಎನ್ನೋಣ. ದೇಹದ ತೂಕದ ಪ್ರತಿ ಕಿಲೋಗೆ, ಪ್ರತಿ ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಎಂದು ಇದನ್ನು ಹೇಳುವುದು ವಾಡಿಕೆ. ಕುಳಿತಿರುವಾಗ ನಮ್ಮ ಬಳಕೆ ಸುಮಾರು ಮೂರೂವರೆ. ವ್ಯಾಯಾಮವಿಲ್ಲದ ವಯಸ್ಕರ ಗರಿಷ್ಠ ಬಳಕೆ ಸಾಮಾನ್ಯವಾಗಿ 30ರಿಂದ 40ರ ಆಸುಪಾಸು. ಜಗತ್ತಿನ ಮೇಲ್ಮಟ್ಟದ ದೂರದ ಓಟಗಾರರದು 70ರಿಂದ 85.

ಇದನ್ನು ಓಡುವ ಮನುಷ್ಯರಲ್ಲಿ ಮೊದಲು ವ್ಯವಸ್ಥಿತವಾಗಿ ಅಳೆದವರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಎ.ವಿ. ಹಿಲ್ ಪ್ರಮುಖರು. ಸ್ನಾಯುಗಳ ಅಧ್ಯಯನಕ್ಕಾಗಿ 1922ರ ನೊಬೆಲ್ ಪ್ರಶಸ್ತಿ ಪಡೆದವರು ಇವರು. ಮ್ಯಾಂಚೆಸ್ಟರಿನಲ್ಲಿ ಹುಲ್ಲಿನ ಮೈದಾನದ ಸುತ್ತ, ಉಸಿರು ಸಂಗ್ರಹಿಸುವ ಚೀಲವನ್ನು ಬೆನ್ನಿಗೆ ಕಟ್ಟಿಕೊಂಡು ಸ್ವತಃ ಓಡಿ, ಹೊರಬಿಟ್ಟ ಗಾಳಿಯನ್ನು ಪರೀಕ್ಷಿಸಿದರು. ವೇಗ ಹೆಚ್ಚಿದಂತೆ ಆಮ್ಲಜನಕದ ಬಳಕೆ ಏರುತ್ತ ಹೋಗಿ, ಒಂದು ಹಂತದ ನಂತರ ಎಷ್ಟೇ ತಿಣುಕಿದರೂ ಏರುವುದಿಲ್ಲ ಎಂದು ಅವರು 1923ರಲ್ಲಿ ತೋರಿಸಿದರು. ಆ ಹಂತವೇ ನಮ್ಮ ಹಾಸಿಗೆಯ ಅಂಚು.

ಹಾಸಿಗೆಯನ್ನು ಉದ್ದ ಮಾಡಬಹುದೆ?

ಖಂಡಿತ ಮಾಡಬಹುದು. ಅಮೆರಿಕದ ಡಲ್ಲಾಸ್‌ನಲ್ಲಿ 1966ರಲ್ಲಿ ಇಪ್ಪತ್ತು ವರ್ಷದ ಐವರು ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿ ಪರೀಕ್ಷಿಸಲಾಯಿತು. ಅವರ ಗರಿಷ್ಠ ಆಮ್ಲಜನಕ ಬಳಕೆ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ನಂತರ, ಐವತ್ತರ ಹರೆಯದಲ್ಲಿ, ಅದೇ ಐವರನ್ನು ಮತ್ತೆ ಕರೆಸಿದರು. ಮೂವತ್ತು ವರ್ಷಗಳ ವಯಸ್ಸು ಅವರ ಸಾಮರ್ಥ್ಯವನ್ನು ಕುಗ್ಗಿಸಿದ್ದಕ್ಕಿಂತ, ಅಂದಿನ ಮೂರು ವಾರಗಳ ಹಾಸಿಗೆವಾಸವೇ ಹೆಚ್ಚು ಕುಗ್ಗಿಸಿತ್ತು! ಆರು ತಿಂಗಳ ನಿಧಾನದ ತರಬೇತಿಯ ನಂತರ ಅವರು ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ ಇದ್ದ ಮಟ್ಟಕ್ಕೆ ಮರಳಿದರು. ‘ವಯಸ್ಸಾಯಿತು, ಇನ್ನೇನು’ ಎನ್ನುವವರಿಗೆ ಇದು ಉತ್ತರ. ಅವರನ್ನು ಮರಳಿ ತಂದದ್ದು ಆರು ತಿಂಗಳ ತರಬೇತಿ, ಮೂರು ವಾರಗಳದ್ದಲ್ಲ ಎಂಬುದನ್ನೂ ಮರೆಯಬೇಡಿ.

ಇನ್ನೊಂದು ಮಾತು. ಎಲ್ಲರ ಹಾಸಿಗೆಯೂ ಸಮನಾಗಿ ಬೆಳೆಯುವುದಿಲ್ಲ. ಅಮೆರಿಕ ಮತ್ತು ಕೆನಡಾದ ಸಂಶೋಧಕರು 98 ಕುಟುಂಬಗಳ 481 ಜನರಿಗೆ ಇಪ್ಪತ್ತು ವಾರ ಒಂದೇ ಬಗೆಯ ತರಬೇತಿ ಕೊಟ್ಟು 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರ ಸಾಮರ್ಥ್ಯ ಬಹಳ ಏರಿತು, ಕೆಲವರದು ಏರಲೇ ಇಲ್ಲ ಎನ್ನುವಷ್ಟು ಕಡಿಮೆ. ಒಂದೇ ಮನೆಯವರ ಏರಿಕೆ ಪರಸ್ಪರ ಹೋಲುತ್ತಿತ್ತು. ಆದ್ದರಿಂದ ‘ಪಕ್ಕದ ಮನೆಯ ಹುಡುಗ ಎರಡೇ ತಿಂಗಳಿಗೆ ಅಷ್ಟು ಓಡುತ್ತಾನೆ, ನಿನಗೇನು ರೋಗ’ ಎಂದು ಮಕ್ಕಳನ್ನು ಗದರುವ ಮೊದಲು ಯೋಚಿಸಿ. ನಿಮ್ಮ ಅಳತೆಯನ್ನು ಹೋಲಿಸಬೇಕಾದದ್ದು ಎರಡು ತಿಂಗಳ ಹಿಂದಿನ ನಿಮ್ಮದೇ ಅಳತೆಯೊಡನೆ.

ಮೊದಲ ಪರೀಕ್ಷೆ: ಬೆಳಗಿನ ನಾಡಿ

ಬೆಳಗ್ಗೆ ಎಚ್ಚರವಾದ ಕೂಡಲೇ, ಕಾಫಿಗೂ ಮೊದಲು, ಹಾಸಿಗೆಯಲ್ಲಿದ್ದಂತೆಯೇ ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ತೋರುಬೆರಳು ಮತ್ತು ಮಧ್ಯದ ಬೆರಳನ್ನು ಇಟ್ಟು ನಾಡಿ ಹುಡುಕಿ. ಹೆಬ್ಬೆರಳಿನಿಂದ ಹಿಡಿಯಬೇಡಿ, ಅದರದ್ದೇ ನಾಡಿ ಎಣಿಕೆಗೆ ಅಡ್ಡ ಬರುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಿ. ಒಂದು ವಾರ ಹೀಗೆ ಬರೆದಿಟ್ಟು ಸರಾಸರಿ ತೆಗೆಯಿರಿ. ಅದು ನಿಮ್ಮ ವಿಶ್ರಾಂತಿಯ ನಾಡಿ.

ವಯಸ್ಕರಲ್ಲಿ ಇದು 60ರಿಂದ 100ರವರೆಗೆ ಇರುವುದು ಸಹಜ. ಕ್ರಮಬದ್ಧವಾಗಿ ಓಡುತ್ತ ಬಂದರೆ ಕೆಲವು ತಿಂಗಳಲ್ಲಿ ಇದು ನಿಧಾನವಾಗಿ ಇಳಿಯುತ್ತದೆ. ಇಳಿದರೆ ಹೃದಯದ ಬಕೆಟ್ ದೊಡ್ಡದಾಗುತ್ತಿದೆ ಎಂದು ತಿಳಿಯಿರಿ. ಯಾವುದೋ ಒಂದು ಬೆಳಗ್ಗೆ ನಾಡಿ ಎಂದಿಗಿಂತ ಹತ್ತರಷ್ಟು ಹೆಚ್ಚಿದ್ದರೆ ಹಿಂದಿನ ದಿನದ ಶ್ರಮ ಇನ್ನೂ ಆರಿಲ್ಲ, ನಿದ್ದೆ ಸಾಲದಾಗಿದೆ ಅಥವಾ ಜ್ವರ ಬರುತ್ತಿದೆ ಎಂದು ಅರ್ಥ ಮಾಡಿಕೊಳ್ಳಬಹುದು. ಆ ದಿನ ಓಟಕ್ಕೆ ರಜೆ.

ನಾಡಿ ತಾಳ ತಪ್ಪುತ್ತಿದ್ದರೆ, ವಿಶ್ರಾಂತಿಯಲ್ಲೂ 100 ದಾಟುತ್ತಿದ್ದರೆ, ಅಥವಾ ತಲೆ ಸುತ್ತಿನೊಡನೆ ತೀರ ಕಡಿಮೆಯಾಗಿದ್ದರೆ ವೈದ್ಯರನ್ನು ಕಾಣಿ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ನಾಡಿಯನ್ನು ತಗ್ಗಿಸುತ್ತವೆ. ಅಂಥ ಮಾತ್ರೆ ತೆಗೆದುಕೊಳ್ಳುವವರಿಗೆ ನಾಡಿಯ ಲೆಕ್ಕ ಅಷ್ಟಾಗಿ ಹೊಂದುವುದಿಲ್ಲ.

ಎರಡನೆಯ ಪರೀಕ್ಷೆ: ಮಾತು

ಇದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಉಪಯುಕ್ತ. ಜೊತೆಯವರೊಡನೆ ಮಾತಾಡುತ್ತ ಓಡಿ. ಒಂದು ಪೂರ್ಣ ವಾಕ್ಯವನ್ನು ನಡುವೆ ಉಸಿರು ಎಳೆದುಕೊಳ್ಳದೆ ಹೇಳಲು ಸಾಧ್ಯವಾದರೆ ವೇಗ ಸರಿಯಾಗಿದೆ. ಎರಡು ಮಾತಿಗೊಮ್ಮೆ ಏದುಸಿರು ಬಂದರೆ ವೇಗ ಹೆಚ್ಚಾಯಿತು. ಹಾಡು ಹೇಳುವಷ್ಟು ಆರಾಮವಿದ್ದರೆ ಸ್ವಲ್ಪ ಹೆಚ್ಚಿಸಬಹುದು.

ಇದರ ಹಿಂದೆ ಗಟ್ಟಿ ಕಾರಣವಿದೆ. ನಿಧಾನವಾಗಿ ಓಡುವಾಗ ಸ್ನಾಯುಗಳು ಆಮ್ಲಜನಕದ ನೆರವಿನಿಂದ ಕೊಬ್ಬು ಮತ್ತು ಸಕ್ಕರೆ ಎರಡನ್ನೂ ಉರಿಸುತ್ತವೆ. ವೇಗ ಹೆಚ್ಚಿದಂತೆ ಸಕ್ಕರೆಯ ಪಾಲು ಏರಿ, ರಕ್ತದಲ್ಲಿ ಲ್ಯಾಕ್ಟೇಟ್ ಎಂಬ ವಸ್ತು ಸೇರತೊಡಗುತ್ತದೆ. ಅದನ್ನು ಬಳಸಿ ತೀರಿಸುವುದಕ್ಕಿಂತ ಬೇಗ ಅದು ಸೇರುವ ಹಂತದಲ್ಲಿ ಉಸಿರಾಟ ತಟ್ಟನೆ ಜೋರಾಗುತ್ತದೆ, ಮಾತು ತುಂಡಾಗುತ್ತದೆ. ಆ ಗೆರೆಯ ಮೇಲೆ ಬಹಳ ಹೊತ್ತು ಓಡಲಾಗದು. ಹೆಚ್ಚಿನ ಅಭ್ಯಾಸವೆಲ್ಲ ಗೆರೆಯ ಕೆಳಗೇ ನಡೆಯಬೇಕು. ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಪ್ರತಿದಿನವೂ ಗೆರೆ ದಾಟಿ ಓಡುವುದು.

ಅಂದಹಾಗೆ, ಓಡಿದ ಮರುದಿನದ ಮೈಕೈ ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣವೆಂದು ಬಹಳ ಕಾಲ ನಂಬಲಾಗಿತ್ತು. ಅದು ಸರಿಯಲ್ಲ. ಓಟ ನಿಂತು ಒಂದೆರಡು ಗಂಟೆಯೊಳಗೆ ಲ್ಯಾಕ್ಟೇಟ್ ಬಳಕೆಯಾಗಿ ಹೋಗುತ್ತದೆ. ಹೃದಯವೂ ಅದನ್ನು ಇಂಧನವಾಗಿ ಬಳಸುತ್ತದೆ. ಒಂದೆರಡು ದಿನ ಕಾಡುವ ನೋವು ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಲ್ಲಿ ಆದ ಸೂಕ್ಷ್ಮ ಗಾಸಿಯದು. ಇಳಿಜಾರಿನಲ್ಲಿ ಓಡಿದರೆ ಅದು ಇನ್ನೂ ಹೆಚ್ಚು.

ಮೂರನೆಯ ಪರೀಕ್ಷೆ: ನಾಡಿ ಇಳಿಯುವ ವೇಗ

ಚುರುಕಾಗಿ ಓಡಿದ ಕೊನೆಯಲ್ಲಿ ಹದಿನೈದು ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ. ಕೂಡಲೇ ಕುಳಿತುಬಿಡದೆ ನಿಧಾನವಾಗಿ ನಡೆಯುತ್ತಿರಿ. ಒಂದು ನಿಮಿಷದ ನಂತರ ಮತ್ತೆ ಎಣಿಸಿ. ಎರಡರ ನಡುವಿನ ವ್ಯತ್ಯಾಸ ದೊಡ್ಡದಾದಷ್ಟೂ ಒಳ್ಳೆಯದು. ಅಭ್ಯಾಸ ಹೆಚ್ಚಿದಂತೆ ಈ ಇಳಿತ ಚುರುಕಾಗುತ್ತದೆ. ಆಸ್ಪತ್ರೆಯಲ್ಲಿ ಟ್ರೆಡ್‌ಮಿಲ್ ಮೇಲೆ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ, ಪೂರ್ಣ ಶ್ರಮದ ನಂತರ ಮೊದಲ ನಿಮಿಷದಲ್ಲಿ ನಾಡಿ 12 ಅಥವಾ ಅದಕ್ಕಿಂತ ಕಡಿಮೆ ಇಳಿದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ಮನೆಯ ಎಣಿಕೆಯಲ್ಲಿ ಒಮ್ಮೆ ಕಡಿಮೆ ಕಂಡಿತೆಂದು ಗಾಬರಿ ಬೇಡ. ಮೇಲಿಂದ ಮೇಲೆ ಹಾಗೆಯೇ ಕಂಡರೆ ವೈದ್ಯರಿಗೆ ಹೇಳಿ.

ನಾಲ್ಕನೆಯ ಪರೀಕ್ಷೆ: ಹನ್ನೆರಡು ನಿಮಿಷ

ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ ಪರೀಕ್ಷೆ ಇದು. ಹನ್ನೆರಡು ನಿಮಿಷದಲ್ಲಿ ಓಡಿಯೋ, ನಡುನಡುವೆ ನಡೆದೋ ಗರಿಷ್ಠ ಎಷ್ಟು ದೂರ ಕ್ರಮಿಸುತ್ತೀರಿ ಎಂದು ನೋಡುವುದು. 400 ಮೀಟರಿನ ಟ್ರ್ಯಾಕ್ ಇರುವ ಮೈದಾನವಾದರೆ ಸುತ್ತು ಎಣಿಸಿದರಾಯಿತು. ಕ್ರಮಿಸಿದ ಮೀಟರುಗಳಿಂದ 505 ಕಳೆದು 45ರಿಂದ ಭಾಗಿಸಿದರೆ ನಿಮ್ಮ ಗರಿಷ್ಠ ಆಮ್ಲಜನಕ ಬಳಕೆ ಅಂದಾಜಾಗಿ ಸಿಗುತ್ತದೆ. ನಾಲ್ಕು ಸುತ್ತಾದರೆ ಸುಮಾರು 24, ಐದಾದರೆ 33, ಆರಾದರೆ 42, ಏಳಾದರೆ 51. ಒಂದು ಸುತ್ತು ಹೆಚ್ಚಾದರೆ 9 ಅಂಕ ಹೆಚ್ಚು.

ಈ ಅಂಕಿಯಿಂದ ಏನು ಪ್ರಯೋಜನ? ಒಂದು ಲೆಕ್ಕ ನೋಡಿ. 10 ಕಿಲೋಮೀಟರನ್ನು 70 ನಿಮಿಷದಲ್ಲಿ ಓಡಲು ನಿಮಿಷಕ್ಕೆ ಸುಮಾರು 32 ಅಂಕದಷ್ಟು ಆಮ್ಲಜನಕ ಬೇಕು. ಒಂದು ಗಂಟೆಗಿಂತ ಹೆಚ್ಚು ಹೊತ್ತು ಓಡುವ ಹವ್ಯಾಸಿ, ತನ್ನ ಗರಿಷ್ಠ ಸಾಮರ್ಥ್ಯದ ಮುಕ್ಕಾಲು ಪಾಲನ್ನು ಬಳಸಿದರೆ ಕ್ಷೇಮ. ಆರು ಸುತ್ತಿನವರ 42ರಲ್ಲಿ ಮುಕ್ಕಾಲು ಪಾಲೆಂದರೆ ಸುಮಾರು 32. ಅವರಿಗೆ ಈ 70 ನಿಮಿಷ ಹೊಂದುತ್ತದೆ. ಐದು ಸುತ್ತಿನವರ ಗರಿಷ್ಠವೇ 33. ಗೆಳೆಯನ ಜೊತೆ ಅದೇ ವೇಗದಲ್ಲಿ ಹೊರಟರೆ ಅವರು ಮೊದಲ ಹೆಜ್ಜೆಯಿಂದಲೇ ತಮ್ಮ ಹಾಸಿಗೆಯ ಅಂಚಿನಲ್ಲಿರುತ್ತಾರೆ. ಓಡುತ್ತ ನಡೆಯುತ್ತ 90 ನಿಮಿಷಕ್ಕೆ ಮುಗಿಸುವುದು ಅವರಿಗೆ ಸರಿಯಾದ ಗುರಿ. ಗೆಳೆಯರಿಬ್ಬರ ನಡುವೆ ಒಂದೇ ಸುತ್ತಿನ ಅಂತರ. ಆದರೂ ಒಬ್ಬರಿಗೆ ವಿಹಾರವಾದದ್ದು ಇನ್ನೊಬ್ಬರಿಗೆ ಪ್ರಾಣಸಂಕಟ.

ಎಚ್ಚರಿಕೆ: ಇದು ಪೂರ್ಣ ಶ್ರಮದ ಪರೀಕ್ಷೆ. ಓಟ ಆರಂಭಿಸಿದ ಮೊದಲ ದಿನ ಮಾಡುವಂಥದ್ದಲ್ಲ. ಕನಿಷ್ಠ ಆರೆಂಟು ವಾರ ನಡಿಗೆ ಮತ್ತು ನಿಧಾನದ ಓಟ ರೂಢಿಯಾದ ಮೇಲೆ, ಮುಂದೆ ಹೇಳುವ ಅಪಾಯದ ಲಕ್ಷಣಗಳು ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಮಾಡಿ. ಅದಕ್ಕೂ ಮೊದಲು ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಹೊಸಬರು ಮತ್ತು ಹಿರಿಯರು ಇದರ ಬದಲು 1600 ಮೀಟರ್ ಬಿರುಸಿನಿಂದ ನಡೆದು, ಹಿಡಿದ ಸಮಯ ಮತ್ತು ಕೊನೆಯ ನಾಡಿಯನ್ನು ಬರೆದಿಡಲಿ. ಎರಡು ತಿಂಗಳ ನಂತರ ಅದೇ ದೂರಕ್ಕೆ ಸಮಯವೋ ನಾಡಿಯೋ ಕಡಿಮೆಯಾಗಿದ್ದರೆ ಅದೇ ಪ್ರಗತಿ.

‘220ರಿಂದ ವಯಸ್ಸು ಕಳೆದರೆ ಗರಿಷ್ಠ ಹೃದಯಬಡಿತ’ ಎಂಬ ಸೂತ್ರವನ್ನು ಅನೇಕರು ಕೇಳಿರಬಹುದು. ಇದು ಬರೀ ಸರಾಸರಿ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಇರುವುದು ಸಾಮಾನ್ಯ. ಕೈಗಡಿಯಾರ ತೋರಿಸುವ ಅಂಕಿಗಿಂತ ಮಾತಿನ ಪರೀಕ್ಷೆಯನ್ನು ಹೆಚ್ಚು ನಂಬಿ.

ಮಗಳು ಓಡಲಾರಳೆಂದರೆ ಸೋಮಾರಿಯೆ?

ಶಾಲೆಯ ಓಟದಲ್ಲಿ ಹಿಂದೆ ಬೀಳುವ, ಎರಡನೆಯ ಸುತ್ತಿಗೇ ಏದುಸಿರು ಬಿಡುವ ಹುಡುಗಿಯನ್ನು ‘ಸೋಮಾರಿ’ ಎಂದುಬಿಡುವುದು ಸುಲಭ. ಆದರೆ ಆಮ್ಲಜನಕ ಹೊರುವ ಕೆಂಪು ರಕ್ತಕಣದ ವಿಷಯವನ್ನು ನೆನಪಿಸಿಕೊಳ್ಳಿ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರುತ್ತದೆ. 100 ಮಿಲಿಲೀಟರ್ ರಕ್ತದಲ್ಲಿ 13 ಗ್ರಾಂ ಹಿಮೋಗ್ಲೋಬಿನ್ ಇರುವ ಹುಡುಗಿಯ ರಕ್ತ 17 ಮಿಲಿಲೀಟರಿಗೂ ಹೆಚ್ಚು ಆಮ್ಲಜನಕ ಹೊತ್ತರೆ, 9 ಗ್ರಾಂ ಇರುವವಳದು ಹೊರುವುದು 12 ಮಾತ್ರ. ಅವಳ ಹೃದಯ, ಛಲ ಎರಡೂ ಚೆನ್ನಾಗಿರಬಹುದು. ಹೊರುವ ಗಾಡಿಗಳೇ ಕಡಿಮೆ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಆದ್ದರಿಂದ ಓಡುವ ಹೆಣ್ಣುಮಕ್ಕಳಿಗೆ, ಅವರ ತಾಯಂದಿರಿಗೂ, ಮೊಟ್ಟಮೊದಲ ಪರೀಕ್ಷೆ ಹಿಮೋಗ್ಲೋಬಿನ್‌ನದು. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇದನ್ನು ಮಾಡುತ್ತಾರೆ. ಪ್ರೌಢ ಹೆಣ್ಣುಮಕ್ಕಳಲ್ಲಿ 12 ಗ್ರಾಂಗಿಂತ ಕಡಿಮೆ ಇದ್ದರೆ ವೈದ್ಯರ ಸಲಹೆಯಂತೆ ಕಬ್ಬಿಣದ ಮಾತ್ರೆ ಬೇಕಾಗುತ್ತದೆ. ಸೊಪ್ಪು, ಕಾಳು, ಮಾಂಸಾಹಾರಿಗಳಾದರೆ ಮಾಂಸ, ಮೀನು ಊಟದಲ್ಲಿರಲಿ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಊಟವಾದ ಕೂಡಲೇ ಕಾಫಿ, ಚಹಾ ಕುಡಿದರೆ ಹೀರುವಿಕೆ ತಗ್ಗುತ್ತದೆ. ಒಂದು ಗಂಟೆ ತಡೆದು ಕುಡಿಯಿರಿ.

ಪ್ರಯೋಗಾಲಯದ ಪರೀಕ್ಷೆ ಬೇರೆ, ಟಿಎಂಟಿ ಬೇರೆ

ಸ್ಪರ್ಧೆಗಾಗಿಯೇ ತಯಾರಾಗುವ ಓಟಗಾರರನ್ನು ಕ್ರೀಡಾ ವಿಜ್ಞಾನದ ಪ್ರಯೋಗಾಲಯಗಳಲ್ಲಿ ಟ್ರೆಡ್‌ಮಿಲ್ ಮೇಲೆ ಓಡಿಸಿ, ಮುಖಕ್ಕೆ ಮುಖವಾಡ ತೊಡಿಸಿ, ಉಸಿರಿನಲ್ಲಿನ ಆಮ್ಲಜನಕವನ್ನು ನೇರವಾಗಿ ಅಳೆಯುತ್ತಾರೆ. ಬೆರಳ ತುದಿಯಿಂದಲೋ ಕಿವಿಯ ಹಾಲೆಯಿಂದಲೋ ಒಂದು ಹನಿ ರಕ್ತ ತೆಗೆದು ಲ್ಯಾಕ್ಟೇಟ್ ನೋಡುತ್ತಾರೆ. ಓಟಗಾರ ಯಾವ ವೇಗದಲ್ಲಿ ಗೆರೆ ದಾಟುತ್ತಾನೆ ಎಂಬುದು ಇದರಿಂದ ನಿಖರವಾಗಿ ತಿಳಿಯುತ್ತದೆ. ಗರಿಷ್ಠ ಆಮ್ಲಜನಕ ಬಳಕೆಯೊಂದೇ ಗೆಲುವನ್ನು ನಿರ್ಧರಿಸುವುದಿಲ್ಲ. 1972ರ ಮ್ಯೂನಿಕ್ ಒಲಿಂಪಿಕ್ ಮ್ಯಾರಥಾನ್ ಗೆದ್ದ ಫ್ರಾಂಕ್ ಶಾರ್ಟರ್ ಅವರ ಅಳತೆ ಸುಮಾರು 71. ಅದೇ ಕಾಲದ ಕೆಲವು ಓಟಗಾರರದು 80ರ ಮೇಲಿತ್ತು. ಕಡಿಮೆ ಆಮ್ಲಜನಕದಲ್ಲಿ ಹೆಚ್ಚು ದೂರ ಸಾಗುವ ಮಿತವ್ಯಯ, ಗೆರೆಯ ಹತ್ತಿರ ಬಹಳ ಹೊತ್ತು ನಿಲ್ಲುವ ಶಕ್ತಿ, ಇವೂ ಅಷ್ಟೇ ಮುಖ್ಯ.

ಆಸ್ಪತ್ರೆಗಳಲ್ಲಿ ಮಾಡುವ ಟಿಎಂಟಿ ಇದಲ್ಲ. ಅಲ್ಲಿ ಎದೆಗೆ ಇಸಿಜಿ ತಂತಿಗಳನ್ನು ಅಂಟಿಸಿ, ಮೂರು ಮೂರು ನಿಮಿಷಕ್ಕೊಮ್ಮೆ ವೇಗವನ್ನೂ ಏರನ್ನೂ ಹೆಚ್ಚಿಸುತ್ತ ನಡೆಸುತ್ತಾರೆ. ಶ್ರಮದಲ್ಲಿ ಹೃದಯದ ಸ್ನಾಯುವಿಗೆ ರಕ್ತ ಸಾಲದಾಗುತ್ತದೆಯೇ, ತಾಳ ತಪ್ಪುತ್ತದೆಯೇ, ರಕ್ತದೊತ್ತಡ ಹೇಗೆ ವರ್ತಿಸುತ್ತದೆ ಎಂದು ನೋಡುವುದು ಇದರ ಉದ್ದೇಶ. ಆದರೆ ಟಿಎಂಟಿ ಸರಿಯಾಗಿ ಬಂದರೆ ಮನಸೋಇಚ್ಛೆ ಓಡಲು ಪರವಾನಗಿ ಸಿಕ್ಕಿತೆಂದಲ್ಲ. ರಕ್ತನಾಳವನ್ನು ಬಹಳವಾಗಿ ಕಿರಿದು ಮಾಡದ ಸಣ್ಣ ಕೊಬ್ಬಿನ ಗಂಟು ಇದರಲ್ಲಿ ಕಾಣದೆ ಹೋಗಬಹುದು, ಮುಂದೊಮ್ಮೆ ಅದೇ ಒಡೆಯಬಹುದು. ಆದ್ದರಿಂದ ದೇಹ ಕೊಡುವ ಸೂಚನೆಗೆ ಯಾವಾಗಲೂ ಕಿವಿಗೊಡಬೇಕು.

ಯಾರು ಮೊದಲು ವೈದ್ಯರನ್ನು ಕಾಣಬೇಕು?

ಓಟದಿಂದ ಸಾವು ಅಪರೂಪ. ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್ ಮತ್ತು ಅರ್ಧ ಮ್ಯಾರಥಾನ್‌ಗಳಲ್ಲಿ ದಾಖಲಾದ ಒಂದು ಕೋಟಿ ಒಂಬತ್ತು ಲಕ್ಷ ಓಟಗಾರರಲ್ಲಿ 59 ಮಂದಿಯ ಹೃದಯ ಸ್ತಂಭಿಸಿತ್ತು. ಅವರಲ್ಲಿ 42 ಮಂದಿ ಉಳಿಯಲಿಲ್ಲ. ಸಂಖ್ಯೆ ಸಣ್ಣದೇ. ಆದರೆ ನಮ್ಮ ಜನರ ವಿಷಯದಲ್ಲಿ ಒಂದು ವ್ಯತ್ಯಾಸವಿದೆ. 52 ದೇಶಗಳ ಅಧ್ಯಯನವೊಂದರ 2007ರ ವರದಿಯಂತೆ, ಭಾರತ ಸೇರಿದ ದಕ್ಷಿಣ ಏಷ್ಯಾದಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು 53. ಉಳಿದೆಡೆ ಸುಮಾರು 59. ನಲವತ್ತರ ನಂತರ ಓಟ ಆರಂಭಿಸುವ ನಾವು ಈ ಆರು ವರ್ಷಗಳನ್ನು ಮರೆಯಬಾರದು.

ಇವರು ತಪ್ಪದೆ ಮೊದಲು ವೈದ್ಯರನ್ನು ಕಾಣಬೇಕು: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೆಚ್ಚಿನ ಕೊಲೆಸ್ಟರಾಲ್ ಇರುವವರು; ಬೀಡಿ ಸಿಗರೇಟು ಸೇದುವವರು; ಮನೆತನದಲ್ಲಿ ಐವತ್ತರೊಳಗೆ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದರೆ ಅವರ ಮಕ್ಕಳು, ಒಡಹುಟ್ಟಿದವರು; ಶ್ರಮಪಟ್ಟಾಗ ಎಂದಾದರೂ ಪ್ರಜ್ಞೆ ತಪ್ಪಿದವರು. ಕೊನೆಯ ಎರಡು ಮಾತು ಹದಿಹರೆಯದವರಿಗೂ ಅನ್ವಯಿಸುತ್ತವೆ. ಹುಟ್ಟಿನಿಂದ ಬಂದ ಹೃದಯಸ್ನಾಯುವಿನ ದಪ್ಪವಾಗುವಿಕೆಯಂಥ ದೋಷಗಳು ಆಟದ ಮೈದಾನದಲ್ಲೇ ಮೊದಲು ಕಾಣಿಸಿಕೊಳ್ಳುವುದುಂಟು.

ಓಡುವಾಗ ಎದೆ ಬಿಗಿತ, ದವಡೆಗೋ ತೋಳಿಗೋ ಹರಿಯುವ ನೋವು, ಎಂದಿಲ್ಲದ ಉಬ್ಬಸ, ಕಣ್ಣು ಕತ್ತಲೆ, ಎದೆ ಡವಡವ ಇವುಗಳಲ್ಲಿ ಒಂದು ಕಂಡರೂ ಕೂಡಲೇ ನಿಲ್ಲಿ. ‘ಗ್ಯಾಸ್ ಇರಬೇಕು’ ಎಂದು ಓಟ ಮುಂದುವರಿಸಬೇಡಿ. ಜ್ವರವಿರುವಾಗ ಓಡಲೇಬಾರದು, ವೈರಾಣು ಹೃದಯಸ್ನಾಯುವಿಗೂ ಊತ ತರಬಹುದು.

ಜೊತೆಯವರು ಕುಸಿದು, ಕರೆದರೂ ಓಗೊಡದೆ, ಸರಿಯಾಗಿ ಉಸಿರಾಡದಿದ್ದರೆ ನೀರು ಕುಡಿಸಲು ಹೋಗಬೇಡಿ. ಒಬ್ಬರು 108ಕ್ಕೆ ಕರೆ ಮಾಡಿ. ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ಸುಮಾರು ಎರಡು ಅಂಗುಲ ತಗ್ಗುವಂತೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಿರಿ. ಸಹಾಯ ಬರುವವರೆಗೆ ನಿಲ್ಲಿಸಬೇಡಿ. ಅಮೆರಿಕದ ಆ ಓಟಗಳಲ್ಲಿ ಬದುಕುಳಿದವರಿಗೆ ನೆರವಾದ ಮುಖ್ಯ ಸಂಗತಿಗಳಲ್ಲಿ ಇದೂ ಒಂದು.

ನೀರು, ಊಟ, ನಿಧಾನ

ಒಂದು ಕಿಲೋಮೀಟರ್ ಓಡಲು ದೇಹದ ತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕ್ಯಾಲರಿ ಬೇಕು. 60 ಕಿಲೋ ತೂಕದವರು 10 ಕಿಲೋಮೀಟರ್ ಓಡಿದರೆ ಖರ್ಚು 600. ಸ್ನಾಯು ಮತ್ತು ಯಕೃತ್ತಿನಲ್ಲಿ ಶೇಖರವಾಗಿರುವ ಸಕ್ಕರೆಯ ರೂಪದ ಗ್ಲೈಕೋಜನ್‌ನಿಂದ 1600ರಿಂದ 2000 ಕ್ಯಾಲರಿ ಸಿಗುತ್ತದೆ. ಹತ್ತು ಕಿಲೋಮೀಟರಿಗೆ ಇದು ಧಾರಾಳ. 42.195 ಕಿಲೋಮೀಟರಿನ ಮ್ಯಾರಥಾನ್‌ಗೆ ಸುಮಾರು 2500 ಬೇಕು. ಅದಕ್ಕೇ ಅನೇಕರು ಮೂವತ್ತನೆಯ ಕಿಲೋಮೀಟರಿನ ಸುಮಾರಿಗೆ ಕಾಲು ಕಳಚಿದಂತೆ ನಿಂತುಬಿಡುವುದು. ಮುನ್ನಾದಿನ ಅನ್ನ, ಚಪಾತಿ, ಮುದ್ದೆ ಸಾಕಷ್ಟು ಉಂಡಿರಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಓಟದ ದಿನದ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಯೇ ಹೊರಡಿ.

ನೀರನ್ನು ಬಾಯಾರಿಕೆಯಷ್ಟು ಕುಡಿಯಿರಿ. ಕುಡಿಯದಿರುವುದು ತಪ್ಪು, ಹಾಗೆಯೇ ಬಲವಂತವಾಗಿ ಕುಡಿಯುವುದೂ ತಪ್ಪು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ರಕ್ತ ಪರೀಕ್ಷಿಸಿದ 488 ಓಟಗಾರರಲ್ಲಿ ನೂರಕ್ಕೆ 13 ಮಂದಿಯ ರಕ್ತದಲ್ಲಿ ಸೋಡಿಯಂ ಕಡಿಮೆಯಾಗಿತ್ತು. ಅತಿಯಾಗಿ ಕುಡಿದದ್ದು ಮುಖ್ಯ ಕಾರಣ. ಬೇಸಿಗೆಯಲ್ಲಿ ಸೂರ್ಯ ಏರುವ ಮೊದಲೇ ಓಟ ಮುಗಿಸಿ.

ಕಡೆಯದಾಗಿ, ಹೃದಯ ಮತ್ತು ಉಸಿರು ಕೆಲವೇ ವಾರಗಳಲ್ಲಿ ಓಟಕ್ಕೆ ಒಗ್ಗುತ್ತವೆ. ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಉಸಿರು ‘ಇನ್ನೂ ಓಡು’ ಎಂದರೂ ಮಂಡಿಗಾಗಿ ಕಾಯಿರಿ. ಮೊದಲ ತಿಂಗಳು ವಾರಕ್ಕೆ ನಾಲ್ಕು ದಿನ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಅರ್ಧ ಗಂಟೆ. ಎರಡನೆಯ ತಿಂಗಳು ಓಟ, ನಡಿಗೆ ಸಮಸಮ. ಮೂರನೆಯ ತಿಂಗಳಲ್ಲಿ ಓಟ ಹೆಚ್ಚು, ನಡಿಗೆ ಕಡಿಮೆ. ಎಲ್ಲವೂ ಮಾತಾಡುವ ವೇಗದಲ್ಲೇ.

ಓಟಕ್ಕೆ ಮೂರೇ ವಾರ ಉಳಿದಿದ್ದರೆ? ಹೆಸರು ಕೊಟ್ಟದ್ದು ಕೊಟ್ಟಾಯಿತು. ಅಂದು ನಡೆಯಿರಿ, ಬೇಕಾದಲ್ಲಿ ಸ್ವಲ್ಪ ಓಡಿ, ಗೆಳೆಯರಿಗೆ ಗುರಿಯಲ್ಲಿ ಸಿಗುತ್ತೇನೆಂದು ಹೇಳಿ ಕಳಿಸಿ. ಮುಂದಿನ ವರ್ಷದ ಓಟಕ್ಕೆ ನಿಮ್ಮ ತಯಾರಿ ನಾಳೆ ಬೆಳಗ್ಗೆ, ಹಾಸಿಗೆಯಲ್ಲೇ, ನಾಡಿ ಎಣಿಸುವುದರಿಂದ ಆರಂಭವಾಗಲಿ.